ಕಿಲೋಗೆ ಒಂಬತ್ತು ಲೀಟರ್

ಮಧ್ಯಾಹ್ನ ಎರಡಕ್ಕೆ ಕಂಟ್ರೋಲ್ ರೂಮಿನ ಗೋಡೆಯ ಮೇಲಿನ ಅಂಕಿ ಐವತ್ಮೂರು ಪಾಯಿಂಟ್ ನಾಲ್ಕಕ್ಕೆ ಬಂದು ನಿಂತಿತ್ತು. ಅಂದರೆ ಒಂದು ಕಿಲೋ ಹೈಡ್ರೋಜನ್ನಿಗೆ ಅಷ್ಟು ಯೂನಿಟ್ ಕರೆಂಟು. ಐವತ್ತೈದು ದಾಟಬಾರದು, ಸಂಜೆ ಐದರೊಳಗೆ ನೂರೆಂಬತ್ತು ಕಿಲೋ ಆಗಬೇಕು. ಎರಡೂ ಆದರೆ ಗೊಬ್ಬರ ಕಾರ್ಖಾನೆಯವರು ಹತ್ತು ವರ್ಷದ ಖರೀದಿಗೆ ಸಹಿ ಹಾಕುತ್ತಾರೆ. ಆಗದಿದ್ದರೆ, ಬಿಸಿಲು-ಗಾಳಿಯ ಕರೆಂಟಿನಿಂದ ನೀರೊಡೆದು ಹೈಡ್ರೋಜನ್ ಮಾಡುವ, ನಲವತ್ತು ಜನ ದುಡಿಯುವ ಈ ಘಟಕಕ್ಕೆ ಬೀಗ ಬೀಳುವುದು ಹೆಚ್ಚುಕಮ್ಮಿ ಖಚಿತ.

ಮ್ಯಾನೇಜರ್ ಮದುವೆಮನೆ ಯಜಮಾನನಂತೆ ಓಡಾಡುತ್ತಿದ್ದ. ಗೊಬ್ಬರ ಕಾರ್ಖಾನೆ ಕಳಿಸಿದ್ದ ಪರೀಕ್ಷಕಿ ಮೂಲೆಯ ಮೇಜಿನ ಬಳಿ ಕೂತು, ಗಂಟೆಗೊಮ್ಮೆ ತಲೆಯೆತ್ತಿ ಅಂಕಿ ಬರೆದುಕೊಳ್ಳುತ್ತಿದ್ದಳು. ನಕ್ಕರೆ ಎಲ್ಲಿ ಅಂಕ ಕೊಟ್ಟಂತಾಗುತ್ತದೋ ಎಂಬ ಮುಖ.

ಹೊರಗೆ ನೀರಿನ ಟ್ಯಾಂಕಿನ ಪಕ್ಕ ಸ್ಕೇಲಕ್ಕ ನಿಂತಿದ್ದಳು. ಕೈಯಲ್ಲಿ ಸದಾ ಸ್ಟೀಲಿನ ಸ್ಕೇಲು ಇರುತ್ತಿದ್ದುದರಿಂದ ಎಂಜಿನಿಯರ್ ಎಂಬುದು ಮರೆತುಹೋಗಿ ಈ ಹೆಸರೇ ಅಂಟಿಕೊಂಡಿತ್ತು. ಶುದ್ಧ ನೀರಿನ ಟ್ಯಾಂಕಿಗೆ ಹೊರಗಡೆ ಒಂದು ಗಾಜಿನ ಕೊಳವೆ. ಅದರಲ್ಲಿ ನೀರಿನ ಮಟ್ಟ ಅಳೆದು ಪುಸ್ತಕದಲ್ಲಿ ಬರೆಯುವುದು ಅವಳೇ ಹಾಕಿಕೊಂಡ ಕೆಲಸ. ಯಾರೂ ಕೇಳಿರಲಿಲ್ಲ, ಯಾರೂ ಓದುತ್ತಿರಲಿಲ್ಲ.

ಪರೀಕ್ಷೆಗೆಂದು ಬೆಳಿಗ್ಗೆ ಆರಕ್ಕೆ ಟ್ಯಾಂಕಿಗೆ ನೀರು ಬಿಡುವುದನ್ನು ನಿಲ್ಲಿಸಿದ್ದರು. ಅಲ್ಲಿಂದ ಮಟ್ಟ ಎಂಬತ್ತೈದು ಸೆಂಟಿಮೀಟರ್ ಇಳಿದಿತ್ತು. ಸೆಂಟಿಮೀಟರಿಗೆ ಹದಿನೈದು ಲೀಟರ್. ಒಟ್ಟು ಸಾವಿರದ ಇನ್ನೂರ ಎಪ್ಪತ್ತೈದು. ಗೋಡೆಯ ಮೇಲಿನ ಲೆಕ್ಕದಲ್ಲಿ ಆಗಲೇ ನೂರೈವತ್ತು ಕಿಲೋ ಹೈಡ್ರೋಜನ್. ಭಾಗಿಸಿದಳು. ಕಿಲೋಗೆ ಎಂಟೂವರೆ ಲೀಟರ್.

ಮತ್ತೆ ಅಳೆದಳು. ಮತ್ತೆ ಅಷ್ಟೇ.

ನೀರನ್ನು ಒಡೆದು ಒಂದು ಕಿಲೋ ಹೈಡ್ರೋಜನ್ ತೆಗೆಯಲು ಹತ್ತಿರಹತ್ತಿರ ಒಂಬತ್ತು ಲೀಟರ್ ಬೇಕೇ ಬೇಕು. ಟ್ಯಾಂಕು ಸೋರಿದ್ದರೆ ನೀರು ಹೆಚ್ಚು ಖರ್ಚಾಗಬೇಕಿತ್ತು. ಕಡಿಮೆ ನೀರಿನಲ್ಲಿ ಹೆಚ್ಚು ಹೈಡ್ರೋಜನ್ ಮಾಡುವ ಜಾಣ ಇನ್ನೂ ಹುಟ್ಟಿಲ್ಲ. ಹಾಗಾದರೆ ಆ ನೂರೈವತ್ತು ಕಿಲೋ ಸುಳ್ಳು.

ಕಳೆದ ತಿಂಗಳು ಇದೇ ಯಂತ್ರ ಕಿಲೋಗೆ ಐವತ್ತೇಳು ಯೂನಿಟ್ ತಿನ್ನುತ್ತಿತ್ತು. ಮೊನ್ನೆ ಅದರೊಳಗಿನ ಸವೆದ ಪ್ಲೇಟುಗಳನ್ನು ಬದಲಿಸಿದ ಮೇಲೆ ಅಂಕಿ ಇಳಿದದ್ದನ್ನು ಕಂಡು ಎಲ್ಲರೂ ಪ್ಲೇಟಿಗೇ ಕೈಮುಗಿದಿದ್ದರು. ಅದೇ ದಿನ ಅನಿಲದ ಮೀಟರೂ ಬದಲಾಗಿತ್ತು ಎಂಬುದು ಅವಳಿಗೆ ಈಗ ನೆನಪಾಯಿತು. ಅದನ್ನು ಕೂರಿಸಿದವನು ಅವಳ ಅಕ್ಕನ ಗಂಡ.

ಭಾವ ಪಂಪಿನ ಕೋಣೆಯಲ್ಲಿ ಬೋಲ್ಟು ಬಿಗಿಯುತ್ತಿದ್ದ.

“ಭಾವ, ಹೊಸ ಮೀಟರಿಗೆ ಎಷ್ಟು ಡಿಗ್ರಿ ಕೊಟ್ರಿ?”

“ಎಷ್ಟು ಅಂದ್ರೆ? ಇಪ್ಪತ್ತು. ಎಲ್ಲಾ ಕಡೆ ಇಪ್ಪತ್ತೇ ಅಲ್ವಾ?”

ಹದಿನೆಂಟು ವರ್ಷ ಏರ್ ಕಂಪ್ರೆಸರ್ ರಿಪೇರಿ ಮಾಡಿ ಬಂದ ಕೈ ಅದು. ಅನಿಲ ಬಿಸಿಗೆ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ. ಹಾಗಾಗಿ ಮೀಟರು ಅದನ್ನು ಒಂದು ಗೊತ್ತಾದ ಉಷ್ಣತೆಗೆ ತಂದು ಎಣಿಸಬೇಕು. ಅವನು ಕಲಿತ ಕಡೆ ಅದು ಇಪ್ಪತ್ತು ಡಿಗ್ರಿ. ಮೀಟರಿನ ಅಳತೆಯನ್ನು ಕಿಲೋಗೆ ಬದಲಿಸುವ ಇಲ್ಲಿಯ ಕಂಪ್ಯೂಟರು ನಂಬಿದ್ದು ಸೊನ್ನೆ. ಆ ವ್ಯತ್ಯಾಸದಲ್ಲಿ ನೂರು ಕಿಲೋ ನೂರೇಳು ಎಂದು ಕಾಣುತ್ತಿತ್ತು.

ಅವಳು ಹೇಳಿ ಮುಗಿಸುವಷ್ಟರಲ್ಲಿ ಭಾವನ ಕೈಯ ಸ್ಪ್ಯಾನರ್ ನಿಂತುಹೋಯಿತು.

“ಸರಿಯಾದ್ದು ಎಷ್ಟು?”

“ಐವತ್ತೇಳೇ. ಒಂಚೂರೂ ಇಳಿದಿಲ್ಲ.”

“ಯಾರಿಗಾದ್ರೂ ಹೇಳಿದ್ಯಾ?”

“ಇನ್ನೂ ಇಲ್ಲ.”

“ಹೇಳ್ಬೇಡ ಕಣಮ್ಮಾ. ನಾನು ಬೇಕಂತ ಮಾಡಿದ್ದಲ್ಲ. ನಿಮ್ಮಕ್ಕನ ಮುಖ ನೋಡಾದ್ರೂ...”

ಬಾಗಿಲಲ್ಲಿ ಮ್ಯಾನೇಜರ್ ನಿಂತಿದ್ದ. ಎಷ್ಟು ಹೊತ್ತಿನಿಂದಲೋ. ಬಾಗಿಲು ಮುಂದೆ ಮಾಡಿ, ದನಿ ಇಳಿಸಿ ಹೇಳಿದ: “ನೋಡಮ್ಮ, ನಮ್ಮ ಬಿಸಿಲು ಪುಕ್ಕಟೆ, ಗಾಳಿ ಪುಕ್ಕಟೆ. ನಮ್ಮನ್ನ ತಿಂತಿರೋದು ಬಡ್ಡಿ. ಇದೇ ಯಂತ್ರನ ಶ್ರೀಮಂತ ದೇಶದಲ್ಲಿ ಅರ್ಧ ಬಡ್ಡಿಗೆ ತಗೊಂಡು, ಪಕ್ಕದಲ್ಲಿ ಇನ್ನೊಂದಿಟ್ಟು, ಎರಡನ್ನೂ ನಿಧಾನಕ್ಕೆ ಓಡಿಸ್ತಾರೆ. ನಿಧಾನಕ್ಕೆ ಓಡಿದ್ರೆ ಕರೆಂಟು ಕಡಿಮೆ ತಿನ್ನುತ್ತೆ, ನಿನಗೇ ಗೊತ್ತು. ನಮ್ಮದು ಒಂಟೆತ್ತಿನ ಬೇಸಾಯ. ಕಂತು ಹುಟ್ಟಬೇಕಲ್ಲ, ಹೊಡೆದು ಹೊಡೆದು ದುಡಿಸ್ತೀವಿ.”

“ಅದಕ್ಕೆ ಸುಳ್ಳು ತೂಕ ಕೊಡೋದಾ ಸಾರ್?”

“ಸಹಿ ಆಯ್ತಾ, ಬ್ಯಾಂಕಿನವರು ಬಡ್ಡಿ ಇಳಿಸ್ತಾರೆ. ಎರಡನೇ ಯಂತ್ರ ಬರುತ್ತೆ. ಆರು ತಿಂಗಳಲ್ಲಿ ನಿಜವಾಗ್ಲೂ ಐವತ್ಮೂರಕ್ಕೆ ಬರ್ತೀವಿ. ಇವತ್ತಿನ ಸುಳ್ಳು ಆವತ್ತಿಗೆ ನಿಜ ಆಗುತ್ತೆ. ನೀನು ಬಾಯಿ ಬಿಟ್ರೆ ಸಹಿನೂ ಇಲ್ಲ, ಬಡ್ಡಿನೂ ಇಳಿಯಲ್ಲ, ಯಂತ್ರನೂ ಇಲ್ಲ.”

ಲೆಕ್ಕದಲ್ಲಿ ಅವನು ತಪ್ಪಿರಲಿಲ್ಲ; ಆ ಲೆಕ್ಕವನ್ನು ಅವನಿಗೆ ಮಾಡಿಕೊಟ್ಟವಳೂ ಅವಳೇ. ಭಾವ ನೆಲ ನೋಡುತ್ತಿದ್ದ. ಅವನ ಅಂಗಿಯ ತೋಳಿಗೆ ಅಕ್ಕ ಹಾಕಿದ ತೇಪೆ, ಅದರ ಒತ್ತೊತ್ತಾದ ಹೊಲಿಗೆ ಕಾಣುತ್ತಿತ್ತು.

“ಆರು ತಿಂಗಳು ಅವರು ನೂರೇಳು ಕಿಲೋಗೆ ದುಡ್ಡು ಕೊಟ್ಟು ನೂರು ಕಿಲೋ ತಗೊಳ್ತಾರಲ್ಲ ಸಾರ್,” ಎಂದಳು ಕೊನೆಗೆ. “ಗೊಬ್ಬರ ಕಾರ್ಖಾನೇಲೂ ನೀರಿಗೆ ಸ್ಕೇಲು ಹಿಡಿಯೋ ಒಬ್ಬಳಾದ್ರೂ ಇರ್ತಾಳೆ. ಒಂದು ಸಲ ಗೊತ್ತಾದ್ರೆ, ಆಮೇಲೆ ನಾವು ಎಷ್ಟೇ ಸರಿಯಾಗಿ ಅಳೆದ್ರೂ ಯಾರು ನಂಬ್ತಾರೆ?”

ಮ್ಯಾನೇಜರ್ ಬಾಗಿಲಿನಿಂದ ಸರಿಯಲಿಲ್ಲ. ಭಾವ ಸ್ಪ್ಯಾನರನ್ನು ಚೀಲಕ್ಕೆ ಹಾಕಿ, “ದಾರಿ ಬಿಡಿ ಸಾರ್. ಮೀಟರಿಗೆ ಕೈ ಹಾಕಿದ್ದು ನಾನು,” ಎಂದ.

ಕಂಟ್ರೋಲ್ ರೂಮಿನಲ್ಲಿ ಸ್ಕೇಲಕ್ಕ ನೀರಿನ ಪುಸ್ತಕವನ್ನು ಪರೀಕ್ಷಕಿಯ ಮುಂದೆ ಬಿಚ್ಚಿಟ್ಟು ಕಡ್ಡಿ ಮುರಿದಂತೆ ಹೇಳಿದಳು. ಭಾವ ಮೀಟರಿನಲ್ಲಿ ಇಪ್ಪತ್ತು ಅಳಿಸಿ ಸೊನ್ನೆ ಒತ್ತಿ ಬಂದ. ಹಿಂದಿನ ಎಂಟು ಗಂಟೆಗಳ ಲೆಕ್ಕವನ್ನು ಸ್ಕೇಲಕ್ಕನೇ ಕಂಪ್ಯೂಟರಿನಲ್ಲಿ ತಿದ್ದಿದಳು. ನೂರೈವತ್ತು ಕಿಲೋ ನೂರನಲವತ್ತಾಯಿತು. ಗೋಡೆಯ ಅಂಕಿ ಐವತ್ತೇಳು ಪಾಯಿಂಟ್ ಮೂರಕ್ಕೆ ಹಾರಿತು. ಯಾರೋ ಹಿಂದಿನಿಂದ “ಮುಗೀತು” ಎಂದರು.

ಪರೀಕ್ಷಕಿ ಪುಟ ತಿರುವುತ್ತಲೇ ಇದ್ದಳು. ಮೂರು ತಿಂಗಳ ದಿನದಿನದ ಮಟ್ಟ, ಪೆನ್ಸಿಲಿನಲ್ಲಿ. “ನಾನು ಫೇಲ್ ಅಂತಲೇ ಬರೀಬೇಕಾಗುತ್ತೆ,” ಎಂದಳು.

“ಬರೀರಿ ಮೇಡಂ. ಆದ್ರೆ ಇನ್ನೂ ಮೂರು ಗಂಟೆ ಬಿಸಿಲಿದೆ. ಯಂತ್ರನ ಅರ್ಧಕ್ಕೆ ಇಳಿಸಿ ಓಡಿಸ್ತೀನಿ. ನೂರೆಂಬತ್ತು ಕಿಲೋ ಆಗಲ್ಲ. ಕಿಲೋಗೆ ಎಷ್ಟು ಯೂನಿಟ್ ತಿನ್ನುತ್ತೆ ಅನ್ನೋದನ್ನ ಮಾತ್ರ ನೋಡಿ.”

“ಅದು ಷರತ್ತಿನಲ್ಲಿಲ್ಲ.”

“ಷರಾದಲ್ಲಿ ಬರೀರಿ. ಎರಡು ಯಂತ್ರ ಇದ್ದಿದ್ರೆ ಏನಾಗ್ತಿತ್ತು ಅಂತ ನಿಮ್ಮವರಿಗೂ ಬ್ಯಾಂಕಿನವರಿಗೂ ಗೊತ್ತಾಗಲಿ.”

ಪರೀಕ್ಷಕಿ ಗಡಿಯಾರ ನೋಡಿದಳು, ಪೆನ್ನಿನ ಮುಚ್ಚಳ ಹಾಕಲಿಲ್ಲ. “ಐದರವರೆಗೂ ಇರ್ತೀನಿ. ಆದ್ರೆ ಷರಾನ ಯಾರಾದ್ರೂ ಓದ್ತಾರೆ ಅಂತ ನಾನು ಮಾತು ಕೊಡಲ್ಲ.”

ಯಂತ್ರದ ಗುಂಯ್‌ಗುಡುವಿಕೆ ಅರ್ಧಕ್ಕೆ ಇಳಿಯಿತು. ಮ್ಯಾನೇಜರ್ ಕಿಟಕಿಗೆ ಮುಖ ಮಾಡಿ ನಿಂತ.

ಐದಕ್ಕೆ ಗೋಡೆಯ ಲೆಕ್ಕದಲ್ಲಿ ಇಪ್ಪತ್ತೆಂಟು ಕಿಲೋ ಸೇರಿತ್ತು. ಆ ಮೂರು ಗಂಟೆಗೆ ಕಿಲೋಗೆ ಐವತ್ಮೂರು ಚಿಲ್ಲರೆ ಯೂನಿಟ್. ಪರೀಕ್ಷಕಿ ಅದನ್ನು ಬರೆದುಕೊಂಡಳು. “ನೀರು?” ಎಂದು ಕೇಳಿದಳು.

ಸ್ಕೇಲಕ್ಕ ಏಳುವ ಮೊದಲೇ ಭಾವ ಅವಳ ಕೈಯಿಂದ ಸ್ಕೇಲು ತೆಗೆದುಕೊಂಡು ಟ್ಯಾಂಕಿನ ಕಡೆ ನಡೆದಿದ್ದ. ಬಗ್ಗಿ, ಒಂದು ಕಣ್ಣು ಮುಚ್ಚಿ, ಎರಡು ಸಲ ನೋಡಿ, ಅಲ್ಲಿಂದಲೇ ಕೂಗಿದ:

“ಹದಿನೇಳು ಸೆಂಟಿಮೀಟರ್ ಇಳಿದಿದೆ!”

ಪರೀಕ್ಷಕಿ ತಾನೇ ಭಾಗಿಸಿದಳು. ಕಿಲೋಗೆ ಒಂಬತ್ತು ಪಾಯಿಂಟ್ ಒಂದು ಲೀಟರ್. ಫಲಿತಾಂಶದ ಜಾಗದಲ್ಲಿ ‘ಅನುತ್ತೀರ್ಣ’ ಎಂದು ಬರೆದಳು. ಆಮೇಲೆ ಪೆನ್ನು ಕೆಳಗಿನ ಷರಾದ ಮನೆಗೆ ಇಳಿಯಿತು. ಅಲ್ಲಿದ್ದ ಎರಡು ಗೆರೆ ಸಾಲದೆ ಹಾಳೆ ಮಗುಚಿ ಬರೆಯತೊಡಗಿದಳು.