ಹನ್ನೆರಡು ಜನ ಕೇಳಿದ ಗಾಡಿಯ ಬಣ್ಣ

ಡಬ್ಬೊ ಊರಿನಲ್ಲಿ ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದ ಮರ್ಲ್ ಪ್ಯಾಸ್ಕೋಗೆ ಮುಖ ನೋಡಿದರೆ ಸಾಕು, ಕಳ್ಳ ಯಾರೆಂದು ತಿಳಿಯುತ್ತಿತ್ತು. ಹಾಗೆಂದು ಅವಳೇ ಹೇಳಿಕೊಂಡು ಬಂದಿದ್ದಳು. ಊರಿನ ಹನ್ನೆರಡು ಜನ ಕೂತು ಒಮ್ಮತದಿಂದ ತೀರ್ಪು ಕೊಡುವ ಕೋರ್ಟಿನ ಜ್ಯೂರಿಗೆ ಕರೆ ಬಂದಾಗ, ಸರ್ಕಾರಕ್ಕೆ ಕೊನೆಗೂ ಬುದ್ಧಿ ಬಂತೆಂದುಕೊಂಡು ಚರ್ಚಿಗೆಂದೇ ಇಟ್ಟಿದ್ದ ನೀಲಿ ಕೋಟು ತೊಟ್ಟು ಹೊರಟಳು.

ಕುರಿ ಕಾಯುವ ಕೆಲ್ಪಿ ನಾಯಿಯೊಂದು ಕಳುವಾಗಿತ್ತು. ಆರೋಪಿ ಉಣ್ಣೆ ಕತ್ತರಿಸುವ ಡಾರ್ಸಿ ಕ್ವಿಲ್. ನಾಯಿ ಸಿಕ್ಕಿರಲಿಲ್ಲ. ಇದ್ದ ಸಾಕ್ಷಿ ಒಬ್ಬನೇ: ಮುಸ್ಸಂಜೆಯಲ್ಲಿ, ಇನ್ನೂರು ಗಜ ದೂರದಿಂದ, ಡಾರ್ಸಿ ನಾಯಿಯನ್ನು ಗಾಡಿಗೆ ಹತ್ತಿಸಿದ್ದನ್ನು ಕಂಡೆನೆಂದ ನೆರೆಯವ. ಆರೋಪಿಯ ಕಳ್ಳಕಣ್ಣು ಕಂಡ ಮರ್ಲ್ ಮನಸ್ಸಿನಲ್ಲೇ ಮೊದಲ ದಿನವೇ ತೀರ್ಪು ಬರೆದುಬಿಟ್ಟಳು.

ಮೂರನೆಯ ದಿನ ಹನ್ನೆರಡು ಜನರನ್ನೂ ಕೋಣೆಯೊಳಗೆ ಕೂರಿಸಿ ಬಾಗಿಲು ಹಾಕಿದರು.

"ಇದಕ್ಕೇನು ಚರ್ಚೆ? ಆ ಕಣ್ಣು ನೋಡಿದ್ರಲ್ಲ," ಎಂದಳು ಮರ್ಲ್.

ಅಪರಾಧಿ ಎನ್ನಲು ಹನ್ನೊಂದು ಕೈ ಎದ್ದವು. ಫುಟ್‌ಬಾಲ್ ಅಭ್ಯಾಸಕ್ಕೆ ಹೊತ್ತಾಗುತ್ತಿದ್ದವನದು ಎಲ್ಲರಿಗಿಂತ ಮೊದಲು. ಔಷಧಿ ಅಂಗಡಿಯ ಹುಡುಗಿ ಲಿನ್ ಮಾತ್ರ ಕೈ ಎತ್ತಲಿಲ್ಲ.

"ನಂಗೊಂದು ಅನುಮಾನ," ಎಂದಳು ಮೆಲ್ಲಗೆ. "ಗಾಡಿ ಬಿಳೀದು ಅಂದ್ರಲ್ವಾ ಆ ಸಾಕ್ಷಿ?"

"ಬಿಳೀದಲ್ಲಮ್ಮಾ, ಬೆಳ್ಳಿ ಬಣ್ಣ. ನನ್ನ ಕಿವಿಯಾರೆ ಕೇಳಿದೀನಿ," ಎಂದಳು ಮರ್ಲ್.

"ಹಸಿರು," ಎಂದ ಮಾಂಸದಂಗಡಿಯ ರಸ್. "ಬೇಕಾದ್ರೆ ಆಣೆ ಮಾಡ್ತೀನಿ."

ಇನ್ನೊಬ್ಬ ನೀಲಿ ಎಂದ. ಜಗಳ ಹರಿಯದೆ ನ್ಯಾಯಾಧೀಶರಿಗೆ ಚೀಟಿ ಹೋಯಿತು. ಎಲ್ಲರನ್ನೂ ಮತ್ತೆ ಕೋರ್ಟಿನಲ್ಲಿ ಜ್ಯೂರಿಯ ಸಾಲಿನಲ್ಲಿ ಕೂರಿಸಿ ಆ ಸಾಕ್ಷಿಯ ಹೇಳಿಕೆಯನ್ನು ಮೊದಲಿನಿಂದ ಓದಿಸಿದರು. ಅವನು ಗಾಡಿಯ ಬಣ್ಣದ ಮಾತೇ ಎತ್ತಿರಲಿಲ್ಲ.

ಕೋಣೆಗೆ ಮರಳಿದ ಮೇಲೆ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಮರ್ಲ್‌ಳ ಕೆನ್ನೆ ಬಿಸಿಯಾಗಿತ್ತು.

"ಹತ್ತಡಿ ದೂರದಲ್ಲಿ, ದೀಪದ ಬೆಳಕಲ್ಲಿ ಕೂತ ನಮ್ಮ ಕಥೇನೇ ಹೀಗೆ," ಎಂದಳು ಕೊನೆಗೆ. "ಅವನು ಇನ್ನೂರು ಗಜದಿಂದ ಮುಖ ಗುರುತು ಹಿಡಿದ ಅಂತ ನಂಬಿ ಒಬ್ಬನ್ನ ಜೈಲಿಗೆ ಕಳಿಸೋದಾ?"

"ಹಂಗಾದ್ರೆ ಕದ್ದಿಲ್ಲ ಅಂತೀರಾ?" ಎಂದ ರಸ್.

"ಕದ್ದಿರಬಹುದು. ಖಾತ್ರಿಯಾಗಿ ಹೇಳ್ತೀಯಾ? ಆಣೆ ಮಾಡ್ತೀಯಾ?"

ರಸ್ ಸ್ಯಾಂಡ್‌ವಿಚ್ ಬಾಯಿಗಿಟ್ಟುಕೊಂಡ. ಇನ್ನೆರಡು ಗಂಟೆ ವಾದ ನಡೆದು, ನಿರಪರಾಧಿ ಎಂಬ ತೀರ್ಪು ಹೊರಬಿತ್ತು. ಡಾರ್ಸಿ ಕಟಕಟೆ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತ.

ಮನೆಯಲ್ಲಿ ಗಂಡ ಕ್ಲೆಮ್ ಕೆಂಡದ ಮೇಲೆ ಕುರಿಮಾಂಸ ಸುಡುತ್ತಿದ್ದ.

"ಒಳಗೆ ಏನೇನಾಯ್ತು?"

"ಹೇಳೋ ಹಾಗಿಲ್ಲ. ಕಾನೂನು."

"ಕದ್ದಿದ್ದು ಅವನೇನಾ, ಅಷ್ಟಾದ್ರೂ ಹೇಳೇ ಮಾರಾಯ್ತಿ."

"ನಂಗೊತ್ತಿಲ್ಲ, ಕ್ಲೆಮ್."

ಕ್ಲೆಮ್ ಇಕ್ಕಳ ಕೆಳಗಿಟ್ಟ. ಕೈ ಒರೆಸಿಕೊಂಡು ಬಂದು, ಜ್ವರವಿದೆಯೇನೋ ಎಂದು ಹೆಂಡತಿಯ ಹಣೆ ಮುಟ್ಟಿ ನೋಡಿದ.