ಮೆಣಸಿನ ಅಗಿ ಬೆಳೆಸಿದವ

ಮುಂಗಾರಿನ ಮೊದಲ ಮಳೆ ಬಿತ್ತೆಂದರೆ ಮಾನ್ವಿಯ ಮಲ್ಲಟ ದಾರಿಯಲ್ಲಿರುವ ಬಸವಂತಮ್ಮನ ನರ್ಸರಿಗೆ ರೈತರು ಮೆಣಸಿನ ಸಸಿ ಕೇಳಿಕೊಂಡು ಬರುತ್ತಾರೆ. ಈ ಕಡೆ ಸಸಿಗೆ ಅಗಿ ಅನ್ನುವುದು ರೂಢಿ. ಈ ವರ್ಷ ಬೀಜ ಬಂದಿತ್ತು, ಟ್ರೇ ಬಂದಿದ್ದವು, ಆಳು ಮಾತ್ರ ಸಿಕ್ಕಿರಲಿಲ್ಲ. ಐವತ್ತೈದು ದಾಟಿದ ಬಸವಂತಮ್ಮ ಒಬ್ಬಳೇ ಬಗ್ಗಿ, ಎದ್ದು, ನೀರುಣಿಸಿ, ಸೊಂಟ ಹಿಡಿದುಕೊಂಡು ಕೂತಿದ್ದಳು.

ಪಕ್ಕದ ಮನೆಯ ಹಾಜಿರಾ ಬೀ ಚಹಾದ ಹೊತ್ತಿಗೆ ಬಂದಳು. ಇಬ್ಬರೂ ಒಂದೇ ಸ್ವಸಹಾಯ ಸಂಘದವರು. ಹಾಜಿರಾ ಉಚಿತ ಕಾನೂನು ನೆರವಿನ ಸ್ವಯಂಸೇವಕಿ ಕೂಡ.

“ಅಕ್ಕಾ, ಒಬ್ಬ ಮನಿಶಾ ಅದಾನ. ಗಡಿಗೆಪ್ಪ ಅಂತ, ದೇವದುರ್ಗದ ಕಡಿಯಂವ. ಅಗಿ ಬೆಳಸೂ ಕೆಲಸ ಚೊಲೋ ಕಲ್ತಾನ.”

“ಎಲ್ಲಿ ಕಲ್ತಾನ?”

“ಜೈಲಿನ್ಯಾಗ.”

ಬಸವಂತಮ್ಮ ಕಪ್ಪು ಕೆಳಗಿಟ್ಟಳು. “ನಾ ಒಬ್ಬಾಕಿ ಇರೂ ಜಾಗಕ್ಕ ಕಳ್ಳನ್ನ ಕರ್ಕೊಂಡು ಬರ್ತೀಯೇನ?”

“ಕಳ್ಳ ಅಲ್ಲಕ್ಕಾ. ಕಾಲುವಿ ನೀರಿನ ಸಲುವಾಗಿ ಜಗಳ ಆಗಿ ಸಲಿಕಿ ಬೀಸ್ಯಾನ. ಎದುರಿನಂವ ಉಳೀಲಿಲ್ಲ.”

“ಹಂಗಾದ್ರ ಭಾಳ ಚೊಲೋ ಆತು ಬಿಡು!”

ಹಾಜಿರಾ ನಗಲಿಲ್ಲ. “ಸುಳ್ಳು ಹೇಳಿ ಸೇರಿಸಬಹುದಿತ್ತು. ಹಂಗ ಬ್ಯಾಡ, ಖರೆ ಹೇಳ್ರಿ ಅಂತ ಅಂವನ ಅಂದ. ಒಂಬತ್ತು ವರ್ಷ ಶಿಕ್ಷಾ ಮುಗಿಸ್ಯಾನ. ಜೈಲಿನ ತೋಟದಾಗ ಕೆಲಸ ಕಲ್ತು ಸರ್ಟಿಫಿಕೇಟ್ ತಗೊಂಡಾನ. ರಾಯಚೂರಿನ್ಯಾಗ ಆರು ಕಡಿ ಕೇಳ್ಯಾನ. ಜೈಲು ಅಂದ ಕೂಡ್ಲೇ ಹೋಗಪ್ಪಾ ಅಂದಾರ. ನೀನೂ ಹಂಗ ಅಂದ್ರ ಅಂವ ಎಲ್ಲಿಗೆ ಹೋಗ್ಬೇಕು? ಹತ್ತು ದಿನ ನೋಡು. ಬ್ಯಾಡ ಅನಿಸಿದ್ರ ನಾನ ಬಂದು ಕರ್ಕೊಂಡು ಹೋಗ್ತೀನಿ. ಕೂಲಿ ಮಾತ್ರ ಎಲ್ಲಾರಿಗೆ ಕೊಟ್ಟಂಗ ಕೊಡಬೇಕು ಮತ್ತ.”

“ಹತ್ತು ದಿನ ಅಂದ್ರ ಹತ್ತ,” ಅಂದಳು ಬಸವಂತಮ್ಮ.

ಗಡಿಗೆಪ್ಪ ಬಂದ. ನಲವತ್ತರ ಆಸುಪಾಸಿನ ಮನುಷ್ಯ, ಕೇಳಿದ್ದಕ್ಕೆ ಮಾತ್ರ ಉತ್ತರ. ಟ್ರೇಯ ಒಂದೊಂದು ಗುಳಿಗೂ ಒಂದೊಂದೇ ಬೀಜ ಇಟ್ಟು, ಕೂಸಿಗೆ ಹೊದಿಸಿದ ಹಾಗೆ ಮೇಲೆ ತೆಂಗಿನ ನಾರಿನ ಪುಡಿ ಮುಚ್ಚುತ್ತಿದ್ದ. ಆದರೂ ಬಸವಂತಮ್ಮನಿಗೆ ಅಂಜಿಕೆ ಹೋಗಲಿಲ್ಲ. ಸಸಿ ಬೆಳೆಸುವ ನೆರಳುಪರದೆಯ ಮನೆಯಲ್ಲಿ ನೀರಿನ ಮೋಟರು, ಔಷಧಿ ಹೊಡೆಯುವ ಪಂಪು ಇದ್ದವು. ದಿನಾ ಮುಂಜಾನೆ ತಾನೇ ಅದರ ಕದ ತೆಗೆದು, ಅವನು ಹೊರಗೆ ಬರುವ ತನಕ ಕಾಯುತ್ತಿದ್ದಳು. ಮಧ್ಯಾಹ್ನ ಅವನ ರೊಟ್ಟಿಯನ್ನು ದೂರದ ಕಟ್ಟೆಯ ಮೇಲಿಟ್ಟು ಬರುತ್ತಿದ್ದಳು.

ಎಂಟನೆಯ ದಿನ ಆಕೆ ಪೇಟೆಗೆ ಹೋಗಿ ತಡವಾಗಿ ಬಂದಳು. ಬಿಸಿಲು ಏರಿತ್ತು. ಗಡಿಗೆಪ್ಪ ನೀರಿನ ಝಾರಿ ಹಿಡಿದು ಮುಚ್ಚಿದ ಕದದ ಮುಂದೆ ನಿಂತಿದ್ದ. ಮಂದಿ ಇಲ್ಲದ್ದು ನೋಡಿ ಹೊಂಚು ಹಾಕುತ್ತಿದ್ದಾನೆಯೇ? ಬಸವಂತಮ್ಮ ಬೇವಿನ ಮರದ ಮರೆಯಲ್ಲಿ ನಿಂತು ನೋಡಿದಳು. ಅವನು ಅಲುಗಲಿಲ್ಲ. ಅಂಗಿಯ ಬೆನ್ನು ಬೆವರಿನಿಂದ ತೊಯ್ದಿತ್ತು. ಕೊನೆಗೆ ಆಕೆಯೇ ತಡೆಯಲಾರದೆ ಹೋದಳು.

“ಒಳಗ ಏನು ನೋಡಾಕತ್ತೀ?”

ಗಡಿಗೆಪ್ಪ ಬೆಚ್ಚಿದ. “ನೀರು ಹಾಕಬೇಕಿತ್ರೀ ಯವ್ವಾ. ಕದ ಹಾಕಿತ್ತು.”

“ಕೀಲಿ ಹಾಕೀನೇನಲೇ? ಬರೇ ಚಿಲಕ ಅದ. ಮೊಳಕಿ ಬಾಡಾಕತ್ತಾವ, ತೆಗಿಯಾಕ ಕೈ ಇಲ್ಲೇನು ನಿನಗ?”

ಅವನು ಚಿಲಕವನ್ನೇ ನೋಡುತ್ತ ಮೆಲ್ಲಗೆ ಅಂದ, “ಒಂಬತ್ತು ವರ್ಷ ನಾ ಕದ ತೆಗದಿಲ್ರೀ. ಅವರು ತೆಗೀತಿದ್ರು, ಹೋಗು ಅಂದ್ರ ಹೋಗ್ತಿದ್ದೆ. ಇಲ್ಲಿ ದಿನಾ ನೀವು ತೆಗೀತಿದ್ರಿ. ಇವತ್ತ ನೀವು ಇರಲಿಲ್ಲ.”

ಬಸವಂತಮ್ಮ ಆ ಚಿಲಕದ ಕಡೆ ನೋಡಿದಳು. ತಾನು ಕಾವಲಿಗೆಂದು ತೆಗೆದದ್ದನ್ನು ಅವನು ಅಪ್ಪಣೆ ಎಂದುಕೊಂಡಿದ್ದ.

“ತೆಗಿ,” ಅಂದಳು. “ನಾ ಇದ್ರೂ ತೆಗಿ, ಇರದಿದ್ರೂ ತೆಗಿ.”

ಅವನ ಕೈ ಚಿಲಕದ ತನಕ ಹೋಗಲು ತುಸು ಹೊತ್ತು ಹಿಡಿಯಿತು. ಆ ಮಧ್ಯಾಹ್ನ ಬಸವಂತಮ್ಮ ತನ್ನ ಊಟದ ಗಂಗಾಳವನ್ನೂ ಕಟ್ಟೆಗೆ ತಂದು ಅಲ್ಲೇ ಉಂಡಳು. ಅವನ ರೊಟ್ಟಿಗೆ ಎರಡನೇ ಸಲ ಪುಂಡಿಪಲ್ಲೆ ಬಡಿಸಿದಳು.

ಹತ್ತು ದಿನ ಯಾವಾಗ ಮುಗಿಯಿತೋ ಯಾರೂ ಎಣಿಸಲಿಲ್ಲ. ನಲವತ್ತು ದಿನಕ್ಕೆ ಸಸಿಗಳು ಗೇಣುದ್ದ ಎದ್ದು ನಿಂತವು. ದೇವದುರ್ಗದ ಕಡೆಯ ಮಸರಕಲ್ಲಿನಿಂದ ಮರಿಸ್ವಾಮಿ ಎಂಬ ರೈತ ಟ್ರ್ಯಾಕ್ಟರ್ ತಂದ. ಆ ಹಂಗಾಮಿನಲ್ಲೇ ದೊಡ್ಡ ಗಿರಾಕಿ ಅವನು. ಟ್ರೇ ಹೊತ್ತು ಬಂದ ಗಡಿಗೆಪ್ಪನನ್ನು ಕಂಡವನೇ ನಿಂತುಬಿಟ್ಟ.

“ಬಸವಂತಮ್ಮಾರ, ಇಂವ ಯಾರು ಗೊತ್ತದೇನ್ರಿ? ನಮ್ಮೂರಾಗ ಹೆಣಾ ಕೆಡವಿ ಹೋದಂವ! ಇಂವನ್ನ ಇಟ್ಕೊಂಡ್ರ ನಮ್ಮ ಕಡಿಯಂವ ಒಬ್ಬನೂ ಇಲ್ಲಿಗೆ ಬರೂದಿಲ್ಲ ನೋಡ್ರಿ.”

ಗಡಿಗೆಪ್ಪ ಟ್ರೇ ಇಳಿಸಿ ತನ್ನ ಚೀಲ ತರಲು ಹೊರಟ.

“ಲೇ ಗಡಿಗೆಪ್ಪ, ಅಗಿ ಬಿಟ್ಟು ಎಲ್ಲಿಗೆ ಹೊಂಟಿ?” ಎಂದು ಬಸವಂತಮ್ಮ ಕೂಗಿದಳು. ಆಮೇಲೆ ಮರಿಸ್ವಾಮಿಯ ಕಡೆ ತಿರುಗಿದಳು. “ಗೊತ್ತದರೀ. ಬರೂ ಮುಂಚೇನ ಗೊತ್ತಿತ್ತು. ಮಾಡಿದ್ದು ದೊಡ್ಡ ತಪ್ಪು. ಅದಕ್ಕ ಕೋರ್ಟು ಶಿಕ್ಷಾ ಕೊಟ್ಟದ, ಅಂವ ಮುಗಿಸ್ಯಾನ. ಮ್ಯಾಲೆ ಇನ್ನಷ್ಟು ಕೊಡಾಕ ನಾವ್ಯಾರು? ಇವೆಲ್ಲಾ ಅಂವ ಬೆಳಸಿದ ಅಗಿ. ನೋಡಿ ಬೇಕಾದ್ರ ಒಯ್ರಿ, ಬ್ಯಾಡಾದ್ರ ಬಿಡ್ರಿ. ಅಂವನ್ನ ನಾ ಬಿಡಿಸೂದಿಲ್ಲ.”

ಮರಿಸ್ವಾಮಿ ಟ್ರೇಯ ಹತ್ತಿರ ಬಂದ. ಒಂದು ಸಸಿ ಕಿತ್ತು ನೋಡಿದ. ಬೇರು ಬೆಳ್ಳಗೆ, ಒತ್ತಾಗಿ ಇತ್ತು.

“ಹೊಲದ ಬಿಸಿಲಿಗೆ ತಡೀತಾವೇನು ಇವು?” ಯಾರ ಮುಖವನ್ನೂ ನೋಡದೆ ಕೇಳಿದ.

ಗಡಿಗೆಪ್ಪ ಹೊರಳಿ ನಿಂತ. “ತಡೀತಾವರೀ ಯಪ್ಪಾ. ಐದು ದಿನದಿಂದ ಪರದಿ ಸ್ವಲ್ಪ ಸ್ವಲ್ಪ ಸರಿಸೀನಿ, ನೀರೂ ಕಮ್ಮಿ ಮಾಡೀನಿ. ಸಂಜಿ ಮುಂದ ಹೊಲದಾಗ ಹಚ್ಚಿ, ಹಚ್ಚಿದ ಕೂಡ್ಲೇ ನೀರು ಬಿಡ್ರಿ.”

ಮರಿಸ್ವಾಮಿ ಕೊನೆಯ ತನಕ ಕೇಳಿಸಿಕೊಂಡ. ಸಸಿ ಹೇರಿಸಿಕೊಂಡ. ಚಹಾ ಕೊಟ್ಟರೆ ಬೇಡವೆಂದ. ಟ್ರ್ಯಾಕ್ಟರ್ ಹತ್ತಿದವನು ಮಾತ್ರ ಈ ಸಲ ನೇರವಾಗಿ ಗಡಿಗೆಪ್ಪನನ್ನೇ ಕೇಳಿದ: “ಬದನಿ ಅಗಿ ಯಾವಾಗ ಕೊಡ್ತೀ?”

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಶಿಕ್ಷೆ ಮುಗಿಸಿ ಬಂದವರು ನಿಮ್ಮ ಊರಿನಲ್ಲೂ ಇರಬಹುದು. ಕೆಲವರು ತೋಟದ ಕೆಲಸ, ವೆಲ್ಡಿಂಗ್, ಬಡಿಗತನ, ಹೊಲಿಗೆ ಕಲಿತು ಬಂದಿರುತ್ತಾರೆ. ಅಂಜಿಕೆ ಇದ್ದರೆ ಹತ್ತು ದಿನ ನೋಡಿ, ಆದರೆ ದುಡಿದಷ್ಟು ಕೂಲಿ ಕೊಡಿ. ಅವರ ಮನೆಯವರೇ, ಜೈಲಿನ ಮಾತನ್ನು ಮುಚ್ಚಿಡಬೇಡಿ, ಅಲ್ಲಿ ಕಲಿತ ವಿದ್ಯೆಯನ್ನೂ ಮುಚ್ಚಿಡಬೇಡಿ. ಹೊಸ ಕಸುಬು ಕಲಿಯುವವರಿದ್ದರೆ ಕೃಷಿ ವಿಜ್ಞಾನ ಕೇಂದ್ರಕ್ಕೆ, ನೆರವು ಬೇಕಿದ್ದರೆ ತಾಲೂಕಿನ ಕಾನೂನು ಸೇವಾ ಸಮಿತಿಗೆ ಕರೆದುಕೊಂಡು ಹೋಗಿ ವಿಚಾರಿಸಿ. ಅಂಥವರು ಕೆಲಸ ಕೇಳಿ ನಿಮ್ಮ ಅಂಗಳಕ್ಕೆ ಬಂದಾಗ, ಏನು ತಪ್ಪು ಮಾಡಿದಿ ಎಂಬಲ್ಲಿಗೆ ಮಾತು ಮುಗಿಸಬೇಡಿ. ಏನು ಕೆಲಸ ಬರುತ್ತದೆ ಎಂದೂ ಕೇಳಿ.