ಮೂಗು ಕಟ್ಟದ ಮಾತು

ಎಂಟು ವರ್ಷದ ಆ ಹುಡುಗಿ ‘ಅಮ್ಮ’ ಎಂದು ಕರೆದರೆ ‘ಅಬ್ಬ’ ಎಂದು ಕೇಳಿಸುತ್ತಿತ್ತು. ಎರಡು ವರ್ಷದಿಂದ ಕಟ್ಟಿದ ಮೂಗು. ‘ಮ’ ಎಂದರೆ ‘ಬ’, ‘ನ’ ಎಂದರೆ ‘ದ’. ಊಟಕ್ಕೆ ಕೂತಾಗಲೆಲ್ಲ ಚಿಕ್ಕಪ್ಪ ಅಣಕಿಸುತ್ತಿದ್ದ: “ದದಗೆ ದೀರು ಬೇಕು.” ಮನೆಯೆಲ್ಲ ನಗುತ್ತಿತ್ತು. ಹುಡುಗಿ ಬಾಯಲ್ಲೇ ಉಸಿರಾಡುತ್ತ ತಟ್ಟೆ ನೋಡುತ್ತಿದ್ದಳು.

ತಾಯಿ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ಮೂರು ತಿಂಗಳು ಮಗಳ ಮೂಗನ್ನು ಉಪ್ಪುನೀರಲ್ಲಿ ತೊಳೆದಳು, ಔಷಧಿ ಸಿಂಪಡಿಸಿದಳು. ಕೀವು ನಿಲ್ಲಲಿಲ್ಲ, ತಲೆನೋವು ಬಿಡಲಿಲ್ಲ. ಸ್ಕ್ಯಾನ್ ನೋಡಿ ಡಾಕ್ಟರಮ್ಮ ಹೇಳಿದರು: “ಮೂಗಿನ ಹಿಂದೆ ಊದಿರೋ ಗ್ರಂಥಿ ತೆಗೀತೀವಿ. ಸೈನಸ್ ಬಾಗಿಲಿಗೆ ಸಣ್ಣ ಬಲೂನು ಕಳಿಸಿ ಉಬ್ಬಿಸ್ತೀವಿ, ದಾರಿ ಅಗಲ ಆದ್ಮೇಲೆ ವಾಪಸ್ ತೆಗೀತೀವಿ. ಮುಖದ ಮೇಲೆ ಗೀರು ಕೂಡ ಇರಲ್ಲ. ಸಾಮಾನ್ಯವಾಗಿ ಅವತ್ತೇ ಮನೆಗೆ ಹೋಗಬಹುದು.”

ಅತ್ತೆ ಮೂಗು ಮುರಿದರು. “ನೆಗಡಿ ಬಂತು ಅಂತ ಮೂಗು ಕೊಯ್ಕೋತಾರೇನೇ? ಬಲೂನು ಊದೋಕೆ ಅದೇನು ಹುಟ್ಟುಹಬ್ಬವಾ? ಮೂಗು ಕುಯ್ಸಿದ ಹುಡುಗೀನ ನಾಳೆ ಯಾರು ಕಟ್ಕೋತಾರೆ? ನಮ್ಮ ವಂಶದಲ್ಲಿ ಹಬೇಗೆ ಹೋಗದ ನೆಗಡಿ ಇಲ್ಲ.”

“ಹಬೆ ನನ್ನ ಕಸುಬು, ಅತ್ತೆ. ಅದು ಸುಕ್ಕು ಬಿಡಿಸುತ್ತೆ, ಮುಚ್ಚಿದ ಬಾಗಿಲು ತೆಗೆಯಲ್ಲ.” ಮಣಿಕಟ್ಟಿನ ಸುಟ್ಟ ಕಲೆ ತೋರಿಸಿ ಅವಳು ಗಂಡನತ್ತ ನೋಡಿದಳು. ಮೂಗುದಾರ ಹಾಕಿಸಿಕೊಂಡ ಎತ್ತು ತಲೆಯಾಡಿಸಿತು, ತನ್ನ ತಾಯಿಯ ಕಡೆಗೆ. “ಅಮ್ಮ ಹೇಳಿದ್ಮೇಲೆ ಮುಗೀತು.”

ಮಾರನೇ ಬೆಳಿಗ್ಗೆ ಅವಳು ಕೆಲಸಕ್ಕೆ ಹೊರಟು ಚಪ್ಪಲಿ ಮೆಟ್ಟುವಷ್ಟರಲ್ಲಿ ಒಳಗೆ ಕುದಿಯುವ ಪಾತ್ರೆ ಇಳಿಯಿತು. ಮೇಲೆ ಕಂಬಳಿ, ಕಂಬಳಿಯ ಮೇಲೆ ಮಗುವಿನ ಕತ್ತು ಅದುಮಿದ ಅಜ್ಜಿಯ ಕೈ.

“ಬೇಡ,” ಎಂದಳು ಹುಡುಗಿ. “ಬೇಡ. ಬೇಡ.”

ತಾಯಿ ಓಡಿ ಬರುವಷ್ಟರಲ್ಲಿ ಪಾತ್ರೆ ಮಗುಚಿ ತೊಡೆಯ ಚರ್ಮ ಬೆಂದಿತ್ತು.

“ಅಲ್ಲಾಡಬೇಡ ಅಂದೆ, ಕೇಳಲಿಲ್ಲ,” ಎಂದರು ಅತ್ತೆ.

ಕೇಳದವರು ಯಾರು? ‘ಬೇಡ’ದಲ್ಲಿ ‘ಮ’ ಇಲ್ಲ, ‘ನ’ ಇಲ್ಲ. ಎಂಥ ಕಟ್ಟಿದ ಮೂಗಿನಲ್ಲೂ ಸ್ವಚ್ಛವಾಗಿ ಹೊರಬರುವ ಮಾತು ಅದು. ಅಣಕಿಸುವುದಕ್ಕೆ ಅಷ್ಟು ಚುರುಕಾಗಿದ್ದ ಕಿವಿಗಳಿಗೆ ಅದೊಂದೇ ಕೇಳಿಸಿರಲಿಲ್ಲ. ಮನೆತನದ ಮೂಗು ಮೇಲಿರಬೇಕಾದರೆ ಮಗುವಿನ ಮೂಗು ಮುಚ್ಚಿಯೇ ಇರಬೇಕಿತ್ತು.

ತಾಯಿ ಗಾಯದ ಮೇಲೆ ತಣ್ಣೀರು ಸುರಿದು ಸುರಿದು, ಮಗಳನ್ನು ಎತ್ತಿಕೊಂಡಳು. “ಆಸ್ಪತ್ರೆಗೆ ಹೋಗ್ತೀನಿ. ಗಾಯಕ್ಕೂ, ಮೂಗಿಗೂ.”

“ಮೂಗು ಕುಯ್ಸೋಕೆ ಹೊಸಿಲು ದಾಟಿದ್ರೆ ನೋಡು,” ಎಂದರು ಅತ್ತೆ.

“ದಾಟಿದೆ, ಅತ್ತೆ. ನೋಡಿ.”

ಗಾಯ ಮಾಗಿದ ಮೇಲೆ ಆಪರೇಷನ್ನಿನ ಒಪ್ಪಿಗೆ ಕಾಗದ ಮೇಜಿನ ಮೇಲೆ ಬಂತು. ಅದನ್ನು ತಾಯಿಯ ಕೈಗೆ ಕೊಡುವ ಮೊದಲು ಡಾಕ್ಟರಮ್ಮ ಹುಡುಗಿಯ ಮುಂದೆ ಬಗ್ಗಿದರು. “ಪುಟ್ಟಿ, ಮೂಗು ಬಿಡಿಸೋಣವಾ? ಬೇಕಾ, ಬೇಡವಾ?”

ಆ ಮನೆಯಲ್ಲಿ ಇದನ್ನು ಯಾರೂ ಕೇಳಿರಲಿಲ್ಲ. ಹುಡುಗಿ ಅಮ್ಮನ ಮುಖ ನೋಡಿದಳು, ಬಾಗಿಲ ಕಡೆ ನೋಡಿದಳು.

“ಬೇಕು,” ಎಂದಳು.

ಅದರಲ್ಲೂ ‘ಮ’ ಇಲ್ಲ, ‘ನ’ ಇಲ್ಲ. ತಾಯಿ ಸಹಿ ಹಾಕಿದಳು.